ಅರಮನೆ, ಅಚ್ಚುಕೂಟ, ಕೇರಿ: ಕಪಿಲೆಯ ಸೀಮೆಯಲ್ಲಿ ಬರಹ ಹುಟ್ಟಿದ ಬಗೆ

ನಂಜನಗೂಡು ತಾಲ್ಲೂಕಿನ ಹೆಡತಲೆಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀಕಾಂತಸ್ವಾಮಿ ದೇವಾಲಯವಿದೆ. ಆ ಊರಿನ ಹದಿನಾರು ಮುಖದ ಚಾವಡಿಗೆ ಒಂದು ಐತಿಹ್ಯವೂ ಇದೆ. ಈ ಸೀಮೆಯ ನಾಯಕನೊಬ್ಬನಿಗೆ ಹದಿನಾರು ಮಂದಿ ಅಳಿಯಂದಿರು. ಎಲ್ಲರೂ ಕೂಡಿದಾಗ ಮೇಲಿನ ಜಾಗ ಯಾರದೆಂದು ಮುನಿಸು ಹುಟ್ಟಬಾರದು, ಹಾಗಾಗಿ ಒಬ್ಬೊಬ್ಬರಿಗೂ ಸರಿಸಮನಾದ ಮುಖ ಸಿಗುವಂತೆ ಅವನು ಚಾವಡಿ ಕಟ್ಟಿಸಿದನಂತೆ. ಕತೆ ನಡೆದದ್ದೋ ಕಟ್ಟಿದ್ದೋ, ಅದು ಏನನ್ನು ನೆನಪಿನಲ್ಲಿಟ್ಟುಕೊಂಡಿದೆ ಎಂಬುದು ಮುಖ್ಯ. ಅಳಿಯಂದಿರ ಮಾನಾಪಮಾನವೆಲ್ಲ ಅದರಲ್ಲಿದೆ. ಅವರ ಹೆಂಡತಿಯರು ಎಲ್ಲಿ ಕೂತರು ಎಂಬ ಮಾತಿಲ್ಲ, ಚಾವಡಿಯ ಕಲ್ಲು ಹೊತ್ತವರು ಎಲ್ಲಿ ನಿಂತರು ಎಂಬ ಮಾತೂ ಇಲ್ಲ. ಈ ಸೀಮೆಯ ಶಾಸನಗಳ ರೀತಿಯೂ ಹೆಚ್ಚು ಬೇರೆಯಲ್ಲ. ಬಿ.ಎಲ್. ರೈಸ್ 1894ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳಿವೆ. ದಾನ ಕೊಟ್ಟವರು, ಪಡೆದವರು, ಆಳಿದವರು, ಕಾದಿ ಸತ್ತವರು ಅಲ್ಲಿ ಹೆಸರಿನೊಡನೆ ಸಿಗುತ್ತಾರೆ. ಆದರೆ ಇದೇ ನೆಲದಿಂದ ಮುಂದೆ ಬಂದ ಇಬ್ಬರು ದೊಡ್ಡ ಬರಹಗಾರರು ಚಾವಡಿಯ ಕತೆ ಬಿಟ್ಟುಹೋದ ಎರಡು ಕಡೆಗಳವರೇ. ಒಬ್ಬರು ಹೆಣ್ಣು, ಅದರಲ್ಲೂ ಬಾಲವಿಧವೆ. ಇನ್ನೊಬ್ಬರು ದಲಿತರು.

ಬರಹಗಾರರ ಬದುಕು ಮತ್ತು ಸಮಾಜ ಅವರ ಕೃತಿಗಳನ್ನು ರೂಪಿಸುತ್ತವೆ ಎಂಬ ಮಾತನ್ನು ನಮ್ಮ ಕಾಲೇಜುಗಳು ಹೆಚ್ಚಾಗಿ ಅಮೆರಿಕದ ಸಾಹಿತ್ಯವನ್ನು ಮುಂದಿಟ್ಟುಕೊಂಡೇ ಕಲಿಸುತ್ತ ಬಂದಿವೆ. ಫಾಕ್‌ನರ್‌ನನ್ನು ತಿಳಿಯಲು ಮಿಸಿಸಿಪ್ಪಿ ಬೇಕು, ರಿಚರ್ಡ್ ರೈಟ್‌ನನ್ನು ತಿಳಿಯಲು ವರ್ಣಭೇದದ ಕಾನೂನುಗಳು ಬೇಕು ಎನ್ನುತ್ತೇವೆ. ಮಾತು ಸರಿಯೇ, ಆದರೆ ಅದನ್ನು ಬಳಸುವ ರೀತಿ ತೀರ ಸುಲಭದ್ದಾಗಿಬಿಟ್ಟಿದೆ. ಬರಹಗಾರ ಪಟ್ಟ ಪಾಡನ್ನು ಒಂದು ಕಡೆ, ಕತೆಯ ಪಾತ್ರ ಪಡುವ ಪಾಡನ್ನು ಇನ್ನೊಂದು ಕಡೆ ಪಟ್ಟಿ ಮಾಡಿ ಗೆರೆ ಎಳೆದರೆ ಕೆಲಸ ಮುಗಿಯಿತೆಂದುಕೊಳ್ಳುತ್ತೇವೆ. ಕಪಿಲೆಯ ದಂಡೆಯ ಚರಿತ್ರೆ ಇದಕ್ಕಿಂತ ಗಟ್ಟಿಯಾದ ಪಾಠ ಹೇಳುತ್ತದೆ. ಸಮಾಜ ಬರಹಗಾರನಿಗೆ ಕೊಡುವುದು ವಸ್ತುವನ್ನಷ್ಟೇ ಅಲ್ಲ. ಯಾರು ಅಕ್ಷರ ಕಲಿಯಬಹುದು, ಬರೆದದ್ದು ಯಾವ ದಾರಿಯಿಂದ ಹೊರಬರಬಹುದು, ಯಾವ ಕನ್ನಡಕ್ಕೆ ಪುಸ್ತಕದ ಮರ್ಯಾದೆ ಉಂಟು, ಓದುಗರು ಯಾರು ಎಂಬುದನ್ನೆಲ್ಲ ಅದು ಮೊದಲೇ ನಿರ್ಧರಿಸಿಟ್ಟಿರುತ್ತದೆ. ಹೀಗಾಗಿ ಬದುಕಿನ ಗುರುತನ್ನು ಕತೆಯ ಘಟನೆಗಳಿಗಿಂತ ಮೊದಲು ಬರಹದ ಸಾಧನಗಳಲ್ಲಿ ಹುಡುಕಬೇಕು.

ಅಚ್ಚು ಬರುವ ಮುಂಚೆ ಈ ಸೀಮೆಯಲ್ಲಿ ಬರಹದ ದಾರಿ ಅರಮನೆಯ ಮೂಲಕ ಹಾದುಹೋಗುತ್ತಿತ್ತು. ನಂಜನಗೂಡಿಗೆ ಸೇರಿದ ಕಳಲೆಯ ದಳವಾಯಿ ಮನೆತನವೇ ಇದಕ್ಕೆ ಸಾಕ್ಷಿ. ಹದಿನೆಂಟನೆಯ ಶತಮಾನದಲ್ಲಿ ಮೈಸೂರಿನ ಸರ್ವಾಧಿಕಾರಿಯಾಗಿದ್ದ ಕಳಲೆಯ ನಂಜರಾಜಯ್ಯ ತಾನೂ ಪುರಾಣಗಳನ್ನು ಕನ್ನಡಕ್ಕೆ ತಂದ, ಕವಿಗಳನ್ನೂ ಸಾಕಿದ. ನೃಸಿಂಹ ಕವಿ ಸಂಸ್ಕೃತದಲ್ಲಿ ಬರೆದ ಅಲಂಕಾರಗ್ರಂಥದ ಹೆಸರಿನಲ್ಲೇ ಅವನ ಹೆಸರಿದೆ. ಅದಕ್ಕೂ ಮೊದಲು, ಹದಿನೇಳನೆಯ ಶತಮಾನದ ಕೊನೆಯಲ್ಲಿ, ನೆರೆಯ ಯಳಂದೂರಿನ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಗೆ ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದಳು. ಅಲ್ಲೇ ಗುರು ಸಿಕ್ಕರು, ಓದು ಸಿಕ್ಕಿತು, ಕೇಳುವ ಕಿವಿಯೂ ಸಿಕ್ಕಿತು. ಅವಳು ಸಾಂಗತ್ಯದಲ್ಲಿ ಬರೆದ ‘ಹದಿಬದೆಯ ಧರ್ಮ’ ಹೆಸರೇ ಹೇಳುವಂತೆ ಪತಿವ್ರತೆಯ ನಡತೆಯನ್ನು ಬೋಧಿಸುವ ಕಾವ್ಯ. ಆ ಬೋಧನೆಯ ನಡುವೆಯೇ, ಹೆಣ್ಣೆಂದು ಹಳಿಯುವವರನ್ನು ಅವಳು ನೇರವಾಗಿ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಅರಮನೆಯ ಬಾಗಿಲಿನಿಂದ ಬಂದವಳು ಅರಮನೆಗೆ ಒಪ್ಪುವ ವಸ್ತುವನ್ನೇ ಆಯ್ದುಕೊಳ್ಳಬೇಕಿತ್ತು, ತನ್ನ ಮಾತನ್ನು ಅದರ ಒಳಗೆ ಇರಿಸಬೇಕಿತ್ತು. ಕಾವ್ಯದ ಹೊರ ಆಕಾರ ಸಮಾಜದ್ದು, ಒಳಗಿನ ಬಿರುಸು ಕವಿಯದು. ಈ ಎರಡರ ಹೊಂದಾಣಿಕೆ ಮುಂದಿನ ಶತಮಾನಗಳಲ್ಲೂ ಬೇರೆ ಬೇರೆ ರೂಪದಲ್ಲಿ ಕಾಣಿಸುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೈಸೂರು ಸಂಸ್ಥಾನ ಬದಲಾಗುತ್ತಿತ್ತು. 1881ರಲ್ಲಿ ಮೈಸೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾರಾಣಿ ಶಾಲೆ ಆರಂಭವಾಯಿತು. ಮುಂದಿನ ದಶಕದಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂತು. 1894ರಲ್ಲಿ ಸಂಸ್ಥಾನ ಶಿಶುವಿವಾಹ ತಡೆಯುವ ಕಾಯಿದೆ ಮಾಡಿತು. ಎಂಟು ವರ್ಷ ತುಂಬದ ಹುಡುಗಿಯ ಮದುವೆ ಅಪರಾಧವಾಯಿತು. ಸುಧಾರಣೆಯ ಅಳತೆ ಅಷ್ಟೇ ಆಗಿತ್ತೆಂಬುದು 1887ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ತಿರುಮಲಾಂಬ ಅವರ ಬದುಕನ್ನು ನೋಡಿದರೆ ತಿಳಿಯುತ್ತದೆ. ತಂದೆ ವಕೀಲರು, ಶ್ರೀವೈಷ್ಣವ ಮನೆತನ. ಹತ್ತನೆಯ ವಯಸ್ಸಿಗೆ ನಡೆದ ಮದುವೆ ಕಾಯಿದೆಯ ದೃಷ್ಟಿಯಲ್ಲಿ ನಿರ್ದೋಷವಾದದ್ದು. 1898ರಿಂದ ಸಂಸ್ಥಾನವನ್ನು ಕಾಡಿದ ಪ್ಲೇಗು ನಾಲ್ಕು ವರ್ಷದ ದಾಂಪತ್ಯವನ್ನು ಮುಗಿಸಿತು. ಹದಿನಾಲ್ಕಕ್ಕೆ ವಿಧವೆಯಾಗಿ ಅವರು ತವರಿಗೆ ಮರಳಿದರು. ಅಲ್ಲಿಂದ ಮುಂದೆ ಹೆಣ್ಣೊಬ್ಬಳಿಗೆ ಆ ಸಮಾಜ ಗೊತ್ತುಮಾಡಿದ್ದು ಮನೆಯ ಹಿಂಭಾಗವನ್ನು. ಶುಭಕಾರ್ಯಕ್ಕೆ ಬೇಡ, ಬೀದಿಗೆ ಬೇಡ, ಸಭೆಗಂತೂ ಬೇಡವೇ ಬೇಡ. ತಿರುಮಲಾಂಬ ಆ ಹಿಂಭಾಗವನ್ನೇ ಓದುವ ಕೋಣೆ ಮಾಡಿಕೊಂಡರು. ತಂದೆಯ ಆಸರೆಯಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗುಗಳನ್ನು ಓದಿದರು, ನೆರೆಯ ಮಕ್ಕಳಿಗೆ ಪಾಠ ಹೇಳಿದರು, ಬರೆಯತೊಡಗಿದರು.

ಬರೆದದ್ದು ಮನೆಯೊಳಗೇ ಉಳಿದಿದ್ದರೆ ಚರಿತ್ರೆಯಲ್ಲಿ ಅವರಿಗೆ ಜಾಗವಿರುತ್ತಿರಲಿಲ್ಲ. 1913ರ ಸುಮಾರಿಗೆ ಅವರು ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆ ಆರಂಭಿಸಿ, ‘ಸುಶೀಲೆ’ ಕಾದಂಬರಿಯನ್ನು ಪ್ರಕಟಿಸಿದರು. ಅದು ಮರುಮುದ್ರಣಗಳನ್ನೂ ಕಂಡಿತು. ‘ನಭಾ’, ‘ವಿದ್ಯುಲ್ಲತಾ’, ‘ವಿರಾಗಿಣಿ’ ಮೊದಲಾದವು ಬಂದವು, ಬೇರೆಯವರ ಪುಸ್ತಕಗಳನ್ನೂ ಮಾಲೆ ಹೊರತಂದಿತು. ಆಮೇಲೆ ಹೆಂಗಸರಿಗಾಗಿ ‘ಕರ್ನಾಟಕ ನಂದಿನಿ’, ಅದರ ಬೆನ್ನಿಗೆ ‘ಸನ್ಮಾರ್ಗದರ್ಶಿನಿ’ ಎಂಬ ಪತ್ರಿಕೆಗಳು. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು 1915ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ. ಅವೆರಡಕ್ಕೂ ಮೊದಲೇ ನಂಜನಗೂಡಿನ ಒಬ್ಬ ವಿಧವೆ ಪ್ರಕಾಶಕಿಯಾಗಿದ್ದರು. ಇದೇ ಹೊತ್ತಿಗೆ ಅಮೆರಿಕದಲ್ಲಿ ಷಾರ್ಲೊಟ್ ಪರ್ಕಿನ್ಸ್ ಗಿಲ್ಮನ್ 1909ರಿಂದ 1916ರವರೆಗೆ ‘ಫೋರ್‌ರನ್ನರ್’ ಎಂಬ ಮಾಸಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಬ್ಬರೇ ಬರೆದು ನಡೆಸಿದರು. ಹೆರಿಗೆಯ ನಂತರದ ಖಿನ್ನತೆಗೆ ವೈದ್ಯರು ಬರವಣಿಗೆಯನ್ನೇ ಬಿಡಿಸುವ ಚಿಕಿತ್ಸೆ ಹೇಳಿದ್ದರು. ಆ ಅನುಭವದಿಂದ ಹುಟ್ಟಿದ ಅವರ ಕತೆ 1892ರಲ್ಲಿ ಅಚ್ಚಾಯಿತು. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಬೇಕಾದ ಅಗತ್ಯವೇನಿಲ್ಲ. ಕೋಣೆಯೊಳಗೆ ಕೂರಿಸಲ್ಪಟ್ಟ ಹೆಂಗಸರು ಎರಡು ಖಂಡಗಳಲ್ಲಿ ಕಂಡುಕೊಂಡ ಉಪಾಯ ಒಂದೇ: ಸಂಪಾದಕರ ಒಪ್ಪಿಗೆಗೆ ಕಾಯದೆ ತಾವೇ ಸಂಪಾದಕರಾಗುವುದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೂ ಹೌದು. ಗಿಲ್ಮನ್ ಗಂಡಾಳಿಕೆಯನ್ನು ಎದುರು ನಿಂತು ಪ್ರಶ್ನಿಸಿದರು. ತಿರುಮಲಾಂಬರ ನಾಯಕಿಯರು ಹೆಚ್ಚಾಗಿ ಸಹನೆ, ಸದಾಚಾರ, ಪತಿಭಕ್ತಿಗಳ ಪ್ರತಿಮೆಗಳು. ಬಾಲವೈಧವ್ಯದ ಬದುಕು ಅವರ ಬರಹವನ್ನು ರೂಪಿಸಿತೆನ್ನುವುದಾದರೆ ಅದರ ಸಿಟ್ಟು ಎಲ್ಲಿ? ಉತ್ತರಕ್ಕೆ ಇನ್ನೊಂದು ಕಾದಂಬರಿಯನ್ನು ಪಕ್ಕದಲ್ಲಿಟ್ಟು ನೋಡಬೇಕು. 1899ರಲ್ಲಿ ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಪ್ರಕಟವಾಯಿತು. ಅದರ ನಾಯಕಿ ವಿಧವೆ. ಅವಳು ಓದು ಕಲಿತು ಮರುಮದುವೆಯಾಗುತ್ತಾಳೆ. ಅಂದರೆ ವಿಧವೆಯ ಮರುಮದುವೆಯನ್ನು ಬರೆಯಲು ಸಾಧ್ಯವಾದದ್ದು ವಿಧವೆಯಲ್ಲದ, ಸರಕಾರಿ ಉದ್ಯೋಗದಲ್ಲಿದ್ದ ಗಂಡಸಿಗೆ. ನಿಜವಾದ ವಿಧವೆ ಅದನ್ನೇ ಬರೆದಿದ್ದರೆ ಓದುಗರು ಅದನ್ನು ಕತೆಯೆಂದು ಓದದೆ ಬರೆದವಳ ಬಯಕೆಯೆಂದು ಓದುತ್ತಿದ್ದರು. ಅವಳ ಪುಸ್ತಕವನ್ನು ಯಾವ ತಂದೆಯೂ ಮಗಳ ಕೈಗೆ ಕೊಡುತ್ತಿರಲಿಲ್ಲ. ಗ್ರಂಥಮಾಲೆಯ ಹೆಸರಿನಲ್ಲಿರುವ ‘ಸತೀ’ ಶಬ್ದ ಮನೆಯೊಳಗೆ ಪ್ರವೇಶ ಪಡೆಯಲು ತೆತ್ತ ಸುಂಕ. ತಿರುಮಲಾಂಬ ಬರೆದದ್ದರಲ್ಲಿ ನಂಬಿಕೆಯಿಂದ ಬರೆದದ್ದೂ ಇದೆ, ಎಲ್ಲವನ್ನೂ ಉಪಾಯವೆಂದು ವ್ಯಾಖ್ಯಾನಿಸಿ ಅವರನ್ನು ಇಂದಿನವರಾಗಿ ಮಾಡಬೇಕಿಲ್ಲ. ಆದರೆ ಅವರ ಪ್ರತಿಭಟನೆ ಕಥಾವಸ್ತುವಿನಲ್ಲಿಲ್ಲ ಎಂದ ಮಾತ್ರಕ್ಕೆ ಎಲ್ಲೂ ಇಲ್ಲವೆನ್ನಲಾಗದು. ಮುಖಪುಟದ ಮೇಲಿದ್ದ ಹೆಸರೇ ಅದು. ಸಭೆಯಲ್ಲಿ ಕಾಣಿಸಿಕೊಳ್ಳಬಾರದ ವ್ಯಕ್ತಿಯ ಹೆಸರು ಊರಿಂದೂರಿಗೆ ಹೋಗುತ್ತಿತ್ತು.

ಸಮಾಜ ಬರಹವನ್ನು ರೂಪಿಸುವುದು ಕೃತಿ ಹುಟ್ಟುವಾಗ ಮಾತ್ರವಲ್ಲ, ಅದನ್ನು ಮರೆಯುವಾಗಲೂ. ನವೋದಯದ ಹೊಸ ಅಭಿರುಚಿ ಬೆಳೆದಂತೆ ತಿರುಮಲಾಂಬರ ಗದ್ಯ ಹಳೆಯದೆನಿಸಿತು. ವಿಶ್ವವಿದ್ಯಾನಿಲಯದಲ್ಲಿ ಕಲಿತ ಗಂಡಸರು ವಿಮರ್ಶೆಯ ತಕ್ಕಡಿ ಹಿಡಿದಿದ್ದರು, ಮನೆಯಲ್ಲೇ ಕಲಿತವರಿಗೆ ಅಲ್ಲಿ ಜಾಗವಿರಲಿಲ್ಲ. ತಿರುಮಲಾಂಬ ಬರವಣಿಗೆಯಿಂದ ಹಿಂದೆ ಸರಿದು ಕೊನೆಗೆ ಮದರಾಸಿನಲ್ಲಿ ನೆಲೆಸಿದರು, ಕನ್ನಡ ಅವರನ್ನು ಮರೆಯಿತು. ಹಲವು ದಶಕಗಳ ಮೇಲೆ ವಿದ್ವಾಂಸೆ ಚಿ.ನ. ಮಂಗಳ ತಿರುಮಲಾಂಬರನ್ನು ಹುಡುಕಿಕೊಂಡು ಹೋದರು. 1982ರಲ್ಲಿ ತಿರುಮಲಾಂಬ ತೀರಿಕೊಂಡರು. ಮಂಗಳ ಅವರು ಬೆಂಗಳೂರಿನಲ್ಲಿ ಕಟ್ಟಿದ ‘ಶಾಶ್ವತಿ’ ಸಂಸ್ಥೆ ಇಂದಿಗೂ ತಿರುಮಲಾಂಬರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ಕೊಡುತ್ತಿದೆ. ಅಮೆರಿಕದ ಜೋರಾ ನೀಲ್ ಹರ್‌ಸ್ಟನ್‌ ಅವರ ಕತೆಯೂ ಇದೇ ಜಾಡಿನದು. ಹರ್‌ಸ್ಟನ್‌ ಬೆಳೆದದ್ದು ಫ್ಲಾರಿಡಾದ ಈಟನ್‌ವಿಲ್‌ನಲ್ಲಿ. ಕಪ್ಪು ಜನರೇ ಕಟ್ಟಿ ಆಳಿಕೊಂಡ ಆ ಊರು ಪುರಸಭೆಯಾದದ್ದು ತಿರುಮಲಾಂಬ ಹುಟ್ಟಿದ 1887ರಲ್ಲೇ. 1960ರಲ್ಲಿ ಬಡತನದಲ್ಲಿ ಸತ್ತ ಹರ್‌ಸ್ಟನ್‌ ಅವರ ಗೋರಿಗೆ ಹೆಸರಿನ ಕಲ್ಲೂ ಇರಲಿಲ್ಲ. 1973ರಲ್ಲಿ ಆಲಿಸ್ ವಾಕರ್ ಹುಡುಕಿ ಹೋಗಿ ಕಲ್ಲು ನೆಡಿಸಿದರು, 1975ರಲ್ಲಿ ಅದರ ಬಗ್ಗೆ ಬರೆದರು. ಎರಡೂ ಕಡೆ ಮರೆತವರು ಸಾಹಿತ್ಯದ ಯಜಮಾನರು, ಹುಡುಕಿದವರು ಮುಂದಿನ ಪೀಳಿಗೆಯ ಹೆಂಗಸರು. ಕೃತಿಯ ಆಯುಷ್ಯವೂ ಸಮಾಜದ ಕೈಯಲ್ಲೇ ಇದೆ.

ಅಚ್ಚುಕೂಟ ತೆರೆದ ಬಾಗಿಲಿನಲ್ಲಿ ವಕೀಲರ ಮನೆಯ ಮಗಳು ನುಸುಳಿದರು, ಆದರೆ ಊರಾಚೆಯ ಕೇರಿಗೆ ಆ ಬಾಗಿಲು ಇನ್ನೂ ಮುಚ್ಚಿತ್ತು. ಈ ಸೀಮೆಯಲ್ಲಿ ಅದನ್ನು ತಟ್ಟಿದವರೇ ಇರಲಿಲ್ಲವೆಂದಲ್ಲ. ತಗಡೂರಿನ ರಾಮಚಂದ್ರರಾಯರು ಖಾದಿಯನ್ನೂ ಅಸ್ಪೃಶ್ಯತೆಯ ನಿವಾರಣೆಯನ್ನೂ ಒಂದೇ ಕೆಲಸವೆಂದು ತಿಳಿದು ದುಡಿದರು. ಬದನವಾಳಿನಲ್ಲಿ ನೂಲುವ ಕೇಂದ್ರ ಬೆಳೆಯಿತು, 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದರು. ಆದರೆ ಅದೇ ಬದನವಾಳಿನಲ್ಲಿ 1993ರಲ್ಲಿ, ದೇವಾಲಯ ಪ್ರವೇಶದ ವಿಚಾರ ಹೊತ್ತಿಸಿದ ದ್ವೇಷಕ್ಕೆ ಮೂವರು ದಲಿತರ ಕೊಲೆಯಾಯಿತು. ಈ ಎರಡು ಘಟನೆಗಳ ನಡುವಿನ ಅರವತ್ತಾರು ವರ್ಷಗಳಲ್ಲಿ ಸುಧಾರಕರ ಒಳ್ಳೆಯತನ ಸಾಲದು, ಕೇರಿಯೇ ಮಾತಾಡಬೇಕು ಎಂಬ ಅರಿವು ಮೂಡಿತು. ಅದಕ್ಕೆ ಬೇಕಾದ ಸಾಧನಗಳನ್ನು ಸ್ವತಂತ್ರ ಭಾರತದ ಸರಕಾರಿ ಶಾಲೆ, ವಿದ್ಯಾರ್ಥಿವೇತನ, ಹಾಸ್ಟೆಲುಗಳು ಒದಗಿಸಿದವು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡದಲ್ಲಿರುವ ಸಾಹಿತ್ಯ ಬಹುಪಾಲು ಬೂಸಾ ಎಂದದ್ದೇ ತಡ, ಗಲಭೆ ಎದ್ದಿತು, ಅವರು ರಾಜೀನಾಮೆ ಕೊಡಬೇಕಾಯಿತು. ಆ ಗಲಭೆಯ ಹಿಂದೆಯೇ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು, ‘ಪಂಚಮ’ ಪತ್ರಿಕೆ ಬಂತು, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಹೊರಬಿತ್ತು. ಅಮೆರಿಕದಲ್ಲಿ 1966ರಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ಸ್‌ನ ಹೆಸರನ್ನು 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ತಮ್ಮದಾಗಿಸಿಕೊಂಡಿದ್ದರು. ಆ ಕಾವು ಕರ್ನಾಟಕದ ತರುಣರನ್ನೂ ಮುಟ್ಟಿತ್ತು.

1948ರಲ್ಲಿ ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದ ಮಹಾದೇವರ ಮೊದಲ ಕತೆಗಳ ಸಂಕಲನ ‘ದ್ಯಾವನೂರು’ ಬಂದದ್ದು ಅದೇ 1973ರಲ್ಲಿ. ಆಮೇಲೆ ‘ಒಡಲಾಳ’, 1988ರಲ್ಲಿ ‘ಕುಸುಮಬಾಲೆ’. ಅವರ ಕಥಾಸಾಹಿತ್ಯವೆಂದರೆ ಮುಖ್ಯವಾಗಿ ಈ ಮೂರು ತೆಳ್ಳನೆಯ ಪುಸ್ತಕಗಳೇ. ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ, ಮನೆಮಂದಿ ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯೆಲ್ಲ ಕೂತು ತಿನ್ನುತ್ತಾರೆ, ಬೆಳಗಾದರೆ ಪೊಲೀಸರು ಬರುತ್ತಾರೆ. ಹಸಿವಿನ ವರದಿಯಾಗಬಹುದಾಗಿದ್ದ ಈ ವಸ್ತು ಜಗಳ, ನಗು, ಮಕ್ಕಳಾಟಗಳಿಂದ ತುಂಬಿ ಸಂಭ್ರಮದ ಕಡೆಗೆ ತಿರುಗುತ್ತದೆ. ‘ಕುಸುಮಬಾಲೆ’ಯಲ್ಲಿ ಮೇಲ್ಜಾತಿಯ ಹೆಣ್ಣನ್ನು ಪ್ರೀತಿಸಿದ ಕೇರಿಯ ಚೆನ್ನನ ಕೊಲೆ ಇದೆ. ಆದರೆ ಅದನ್ನು ಹೇಳುವ ಹೊಣೆ ಒಬ್ಬ ನಿರೂಪಕನದಲ್ಲ. ದೀಪದ ಜೋತಮ್ಮಗಳು ಕೂತು ಮಾತಾಡಿಕೊಳ್ಳುತ್ತವೆ, ಮಂಚಕ್ಕೂ ಬಾಯಿ ಬರುತ್ತದೆ. ಇವು ಪುಸ್ತಕದಿಂದ ಕಲಿತ ಮಾಂತ್ರಿಕ ವಾಸ್ತವತೆಯಲ್ಲ. ಮಂಟೇಸ್ವಾಮಿ, ಮಲೆಯ ಮಾದೇಶ್ವರರ ಕಾವ್ಯಗಳನ್ನು ನೀಲಗಾರರೂ ಕಂಸಾಳೆಯವರೂ ರಾತ್ರಿಯಿಡೀ ಹಾಡುವ ಸೀಮೆ ಇದು. ಕಲ್ಯಾಣದ ಶರಣರನ್ನು ಪರೀಕ್ಷಿಸಲು ಮಂಟೇಸ್ವಾಮಿ ಅಸಹ್ಯವೆನಿಸುವ ವೇಷ ತೊಟ್ಟು ಬಾಗಿಲಿಗೆ ಬರುವ ಕತೆಯನ್ನು ಇಲ್ಲಿನ ಜನ ತಲೆಮಾರುಗಳಿಂದ ಕೇಳಿದ್ದಾರೆ. ಅಕ್ಷರ ಸಿಗದವರ ಬಳಿ ಸಾಹಿತ್ಯವೇ ಇರಲಿಲ್ಲವೆಂಬ ಎಣಿಕೆ ತಪ್ಪು. ಅದು ಪುಸ್ತಕದ ಲೆಕ್ಕಕ್ಕೆ ಸಿಕ್ಕಿರಲಿಲ್ಲ, ಅಷ್ಟೆ. ಮಹಾದೇವ ಆ ಕಥನಕ್ರಮವನ್ನೂ, ನಂಜನಗೂಡಿನ ಸುತ್ತಿನ ಆಡುಮಾತನ್ನೂ ಕಾದಂಬರಿಯ ಮೈಯಾಗಿಸಿದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಆ ಭಾಷೆಯೇ ತಕರಾರಿಗೂ ಕಾರಣವಾಯಿತು. ಓದಲು ಕಷ್ಟ, ಈ ಕನ್ನಡ ಎಲ್ಲರದಲ್ಲ ಎಂದರು. ವಿದ್ವಾಂಸರಾದ ಎಲ್. ಬಸವರಾಜು ಅವರು ಇಡೀ ಕೃತಿಯನ್ನು ಪದ್ಯದ ಸಾಲುಗಳಾಗಿ ಬಿಡಿಸಿಟ್ಟು ಅದರ ಲಯ ಕಣ್ಣಿಗೂ ಕಾಣುವಂತೆ ಮಾಡಿದರು. ಅಮೆರಿಕದಲ್ಲಿ ಹರ್‌ಸ್ಟನ್‌ ಇದೇ ತಕರಾರನ್ನು ಎದುರಿಸಿದ್ದರು. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನಲ್ಲಿ ಮಾನವಶಾಸ್ತ್ರ ಓದಿ, ತನ್ನದೇ ಸೀಮೆಯ ಜನಪದ ಕತೆಗಳನ್ನು 1935ರಲ್ಲಿ ಪ್ರಕಟಿಸಿದ ಅವರು, 1937ರ ಕಾದಂಬರಿಯಲ್ಲಿ ಕಪ್ಪು ಜನರ ಆಡುಮಾತನ್ನೇ ಬಳಸಿದರು. ರಿಚರ್ಡ್ ರೈಟ್ ಅದನ್ನು ಕಟುವಾಗಿ ವಿಮರ್ಶಿಸಿದರು. ಅದರಲ್ಲಿ ಗಟ್ಟಿ ವಿಚಾರವಿಲ್ಲ, ಬಿಳಿಯರ ಮನರಂಜನೆಗೆ ಒಪ್ಪುವ ಬರಹವಿದು ಎಂಬುದು ಅವರ ವಾದದ ಸಾರ. ಒಂದೇ ದಕ್ಷಿಣದ, ಒಂದೇ ವರ್ಣಭೇದದ ಇಬ್ಬರು ಬರಹಗಾರರು. ಒಬ್ಬರಿಗೆ ಸಿಟ್ಟು ಮುಖ್ಯ, ಇನ್ನೊಬ್ಬರಿಗೆ ತನ್ನ ಜನ ತಮ್ಮೊಳಗೇ ಬಾಳುವ ರೀತಿ ಮುಖ್ಯ. ನಮ್ಮಲ್ಲೂ ಸಿದ್ಧಲಿಂಗಯ್ಯನವರ ಮೊದಲ ಸಂಕಲನದ ಘೋಷಣೆಯ ದನಿಗೂ ಮಹಾದೇವರ ತಗ್ಗಿದ ದನಿಗೂ ಇಂಥದೇ ಅಂತರವಿದೆ. ಇಬ್ಬರೂ ಬಂದದ್ದು ಒಂದೇ ಚಳವಳಿಯಿಂದ.

ಈ ಅಂತರವೇ ನನ್ನ ವಾದಕ್ಕೆ ಎದುರಾಗುವ ದೊಡ್ಡ ಆಕ್ಷೇಪ. ಒಂದೇ ಸಮಾಜ ಇಷ್ಟು ಬೇರೆ ಬರಹಗಳನ್ನು ಹುಟ್ಟಿಸುವುದಾದರೆ, ಸಮಾಜ ರೂಪಿಸಿತು ಎಂಬ ಮಾತಿಗೆ ಏನರ್ಥ? ಪ್ಲೇಗಿನ ವರ್ಷಗಳಲ್ಲಿ ಬಾಲವಿಧವೆಯರಾದವರು ಅನೇಕರು, ಗ್ರಂಥಮಾಲೆ ತೆರೆದವರು ಒಬ್ಬರು. ದೇವನೂರಿನಂಥ ಕೇರಿಗಳು ತಾಲ್ಲೂಕಿನ ತುಂಬ ಇದ್ದವು, ‘ಕುಸುಮಬಾಲೆ’ ಒಂದೇ. ಒಪ್ಪಬೇಕಾದ ಮಾತು. ಪ್ರತಿಭೆಯನ್ನು ಸಮಾಜ ತಯಾರಿಸುವುದಿಲ್ಲ. ಆದರೆ ಸಂಚಿಯ ಊಳಿಗ ಸಿಗದ, ವಕೀಲ ತಂದೆಯಿಲ್ಲದ, ಶಾಲೆಯ ಮೆಟ್ಟಿಲು ಹತ್ತದ ಪ್ರತಿಭೆಗಳು ಏನಾದವು ಎಂದು ಕೇಳಿದರೆ ಸಮಾಜದ ಕೈ ಕಾಣುತ್ತದೆ. ಬರೆದವರು ಒಬ್ಬರೇ ಏಕೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಅವರ ಪ್ರತಿಭೆಯಾದರೆ, ಇನ್ನರ್ಧ ಮುಚ್ಚಿದ ಬಾಗಿಲುಗಳ ಸಂಖ್ಯೆ. ಮತ್ತೊಂದು ಆಕ್ಷೇಪವೂ ಉಂಟು. ಮಹಾದೇವರನ್ನು ರೂಪಿಸಿದ್ದು ದೇವನೂರಲ್ಲ, ಮೈಸೂರು. ಅಲ್ಲಿಯ ವಿಶ್ವವಿದ್ಯಾನಿಲಯ, ಲೋಹಿಯಾ ವಿಚಾರಗಳ ಗೆಳೆಯರು, ಕುವೆಂಪು ಅವರ ವೈಚಾರಿಕತೆ ಎನ್ನಬಹುದು. ಇದೂ ಸರಿ, ಆದರೆ ಇದು ವಾದವನ್ನು ಮುರಿಯುವುದಿಲ್ಲ. ಈಟನ್‌ವಿಲ್‌ನಲ್ಲೇ ಉಳಿದಿದ್ದರೆ ಹರ್‌ಸ್ಟನ್‌ಗೆ ಈಟನ್‌ವಿಲ್ ಕಾಣುತ್ತಿತ್ತೋ ಇಲ್ಲವೋ. ಊರು ಕೊಟ್ಟ ಮಾತನ್ನು ಪುಸ್ತಕಕ್ಕೆ ತರಬಹುದೆಂಬ ಧೈರ್ಯ ಕೊಟ್ಟದ್ದು ನಗರದ ಚಳವಳಿ. ಎರಡೂ ಸಮಾಜವೇ.

ಹಾಗಾದರೆ ಕೃತಿಯನ್ನು ಸಮಾಜಶಾಸ್ತ್ರದ ದಾಖಲೆಯಾಗಿ ಓದಬೇಕೇ ಎಂದರೆ, ಬೇಡ. ಹೊನ್ನಮ್ಮನನ್ನು ಊಳಿಗದವಳೆಂದು, ತಿರುಮಲಾಂಬರನ್ನು ವಿಧವೆಯೆಂದು, ಮಹಾದೇವರನ್ನು ದಲಿತರೆಂದು ಮಾತ್ರ ಓದಿದರೆ ಅವರನ್ನು ಹಳೆಯ ಸಮಾಜ ಕೂರಿಸಿದ ಜಾಗದಲ್ಲೇ ನಾವು ಮತ್ತೆ ಕೂರಿಸಿದಂತಾಗುತ್ತದೆ. ಸಮಾಜ ಕೊಟ್ಟ ಸಾಧನವನ್ನು ಅವರು ಎಲ್ಲಿ ಬಾಗಿಸಿದರು ಎಂಬುದನ್ನು ನೋಡಬೇಕು. ಧರ್ಮಬೋಧೆಯ ಕಾವ್ಯದೊಳಗೆ ಹೊನ್ನಮ್ಮ ಹೆಣ್ಣುಮಗುವಿನ ಪರವಾಗಿ ವಾದಿಸಿದಳು. ಸದಾಚಾರದ ಕಾದಂಬರಿಯ ನೆಪದಲ್ಲಿ ತಿರುಮಲಾಂಬ ಹೆಂಗಸರಿಗೆ ಒಂದು ಪ್ರಕಾಶನವನ್ನೇ ಕಟ್ಟಿದರು. ಶಿಷ್ಟ ಕನ್ನಡ ಕಲಿಸಿದ ಶಾಲೆಯಿಂದ ಹೊರಬಂದ ಮಹಾದೇವ ಆ ಶಾಲೆ ತಿದ್ದುತ್ತಿದ್ದ ಕನ್ನಡವನ್ನೇ ಮಹತ್ವದ ಸಾಹಿತ್ಯವಾಗಿಸಿದರು. ಬದುಕು ಇವರ ಬರಹವನ್ನು ರೂಪಿಸಿದ್ದು ಹೌದು, ಆದರೆ ಇವರು ಬರೆದ ಮೇಲೆ ಕನ್ನಡದಲ್ಲಿ ಯಾರು ಬರೆಯಬಹುದು ಎಂಬ ನಿಯಮವೂ ಬದಲಾಯಿತು.

ಈ ಚರಿತ್ರೆಯನ್ನು ಉಳಿಸಿಕೊಳ್ಳುವ ಕೆಲಸ ನಮ್ಮ ಕೈಯಲ್ಲೇ ಇದೆ. ತಿರುಮಲಾಂಬರ ಕಾದಂಬರಿಗಳೂ ಪತ್ರಿಕೆಗಳ ಸಂಚಿಕೆಗಳೂ ಸಂಶೋಧಕರಿಗಷ್ಟೇ ಅಲ್ಲ, ನಂಜನಗೂಡು ಮತ್ತು ನರಸೀಪುರದ ಗ್ರಂಥಾಲಯಗಳ ಓದುಗರಿಗೂ ಸಿಗುವಂತಾಗಬೇಕು. ‘ಕುಸುಮಬಾಲೆ’ಯನ್ನು ಅದರ ಮಾತನ್ನು ಮನೆಯಲ್ಲೇ ಆಡುವ ಮಕ್ಕಳು ಶಾಲೆಯಲ್ಲಿ ಗಟ್ಟಿಯಾಗಿ ಓದಬೇಕು. ಹೆಡತಲೆಯ ಹುಡುಗಿಯೊಬ್ಬಳು ಅಮೆರಿಕದ ಬರಹಗಾರರ ಬಗ್ಗೆ ಪರೀಕ್ಷೆಗೆ ಓದುವುದು ಒಳ್ಳೆಯದೇ. ತನ್ನ ತಾಲ್ಲೂಕಿನ ಈ ಇಬ್ಬರನ್ನು ಓದದೆ ಅವಳು ಪದವಿ ಮುಗಿಸಿದರೆ ಆ ಕೊರತೆ ಅವಳದಲ್ಲ, ಪಠ್ಯ ಗೊತ್ತುಮಾಡುವ ನಮ್ಮದು.